ತನ್ನವರ ಪಾಪವನ್ನು ಮುಚ್ಚಿಡದ ಲೇಖಕ ಜಾರ್ಜ್ ಬೆರ್ನಾನೋಸ್

ಫ್ರಾನ್ಸ್ ದೇಶದ ಕಥೋಲಿಕ ಲೇಖಕ ಜಾರ್ಜ್ ಬೆರ್ನಾನೋಸ್ ಅವರ ಹೆಸರು ನಮ್ಮ ಓದುಗರಲ್ಲಿ ಕೆಲವರಿಗೆ ಪರಿಚಿತವಾಗಿರಬಹುದು. ಹಳ್ಳಿಯೊಂದರ ಬಡ, ರೋಗಪೀಡಿತ ಯುವ ಗುರುವಿನ ದಿನಚರಿಯ ರೂಪದಲ್ಲಿ ಅವರು ಬರೆದ ಕಾದಂಬರಿಯನ್ನು ಅನೇಕ ಧರ್ಮಗುರುಗಳು ಇಂಗ್ಲಿಷ್ ಅನುವಾದದಲ್ಲಿ ಓದಿ ಮೆಚ್ಚಿದ್ದಾರೆ. ಆದರೆ ನಾವು ಇಂದು ನೆನೆಯಬಯಸುವುದು ಕಾದಂಬರಿಕಾರ ಬೆರ್ನಾನೋಸರನ್ನಲ್ಲ. ಯುದ್ಧಕಾಲದಲ್ಲಿ ತಮ್ಮ ಪಕ್ಷದವರೇ, ತಮ್ಮ ಧರ್ಮದವರೇ ನಡೆಸಿದ ಹತ್ಯೆಗಳನ್ನು ಕಂಡು, ಸುಮ್ಮನಿರಲಾರದೆ ಅದನ್ನು ಜಗತ್ತಿಗೆ ಹೇಳಿದ, ಹಾಗೆ ಹೇಳಿದ್ದಕ್ಕಾಗಿ ತಮ್ಮವರಿಂದಲೇ ದೂರವಾದ ಬೆರ್ನಾನೋಸರನ್ನು.

ಅವರು ಜನಿಸಿದ್ದು 1888ರ ಫೆಬ್ರವರಿ 20ರಂದು, ಪ್ಯಾರಿಸ್ಸಿನಲ್ಲಿ. ಬಾಲ್ಯದ ಬಹುಭಾಗ ಕಳೆದದ್ದು ಉತ್ತರ ಫ್ರಾನ್ಸಿನ ಫ್ರೆಸ್ಸೆಂ ಎಂಬ ಹಳ್ಳಿಯಲ್ಲಿ. ಅಲ್ಲಿನ ಕೆಸರು ದಾರಿಗಳು, ಮಳೆ, ಹೊಲಗಳ ನಡುವಿನ ದೇವಾಲಯ, ಇವೆಲ್ಲ ಮುಂದೆ ಅವರ ಕಾದಂಬರಿಗಳೊಳಗೆ ಬಂದವು. ಮನೆಯಲ್ಲಿ ಗಾಢವಾದ ಕಥೋಲಿಕ ಶ್ರದ್ಧೆಯಿತ್ತು, ಜೊತೆಗೆ ರಾಜಪ್ರಭುತ್ವದ ಮೇಲಿನ ನಿಷ್ಠೆಯೂ ಇತ್ತು. ಪ್ಯಾರಿಸ್ಸಿನಲ್ಲಿ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಅವರು ಕೆಲಕಾಲ ಕಲಿತರು.

ಅಂದಿನ ಫ್ರಾನ್ಸಿನಲ್ಲಿ ಗಣರಾಜ್ಯ ಸರಕಾರಕ್ಕೂ ಧರ್ಮಸಭೆಗೂ ತೀವ್ರ ವೈಷಮ್ಯವಿತ್ತು. ಧಾರ್ಮಿಕ ಸಭೆಗಳನ್ನು ದೇಶದಿಂದ ಹೊರಹಾಕಲಾಗಿತ್ತು. 1905ರ ಕಾನೂನು ಧರ್ಮಸಭೆಯನ್ನೂ ರಾಜ್ಯವನ್ನೂ ಬೇರ್ಪಡಿಸಿತ್ತು. ಇಂಥ ಕಾಲದಲ್ಲಿ ಅನೇಕ ಕಥೋಲಿಕ ಯುವಕರು ಷಾರ್ಲ್ ಮೊರಾಸ್ ಎಂಬ ಬರಹಗಾರನ ನೇತೃತ್ವದ 'ಆಕ್ಸಿಯೋನ್ ಫ್ರಾನ್ಸೇಸ್' ಚಳವಳಿಯತ್ತ ಸೆಳೆಯಲ್ಪಟ್ಟರು. ರಾಜನನ್ನು ಮರಳಿ ತರಬೇಕು, ಗಣರಾಜ್ಯವನ್ನು ಕೆಡವಬೇಕು ಎಂಬುದು ಆ ಚಳವಳಿಯ ಗುರಿ. ಯುವಕ ಬೆರ್ನಾನೋಸ್ ಅದರ ಬೀದಿ ಹೋರಾಟಗಳಲ್ಲಿ ಮುಂಚೂಣಿಯಲ್ಲಿದ್ದು 1909ರಲ್ಲಿ ಪ್ಯಾರಿಸ್ಸಿನ ಸಾಂತೆ ಸೆರೆಮನೆಯನ್ನೂ ಕಂಡರು. ಮೊದಲನೆಯ ಮಹಾಯುದ್ಧ ಬಂದಾಗ ಅಶ್ವದಳದ ಸೈನಿಕರಾಗಿ ಹೋರಾಡಿ ಗಾಯಗೊಂಡರು. 1917ರಲ್ಲಿ ಅವರು ವಿವಾಹವಾದ ಜಾನ್ ಟಾಲ್ಬೆರ್ ದಾರ್ಕ್ ಅವರು ಸಂತ ಜೋನಳ ಸಹೋದರನ ವಂಶದವರು. ದಂಪತಿಗೆ ಆರು ಮಂದಿ ಮಕ್ಕಳು.

ಸಂಸಾರ ಸಾಗಿಸಲು ವಿಮಾ ಕಂಪನಿಯೊಂದರಲ್ಲಿ ಇನ್‌ಸ್ಪೆಕ್ಟರ್ ಕೆಲಸ ಮಾಡುತ್ತ, ರೈಲುಗಳಲ್ಲಿಯೂ ಕಾಫಿ ಅಂಗಡಿಗಳಲ್ಲಿಯೂ ಕುಳಿತು ಅವರು ಬರೆಯುತ್ತಿದ್ದರು. 1926ರಲ್ಲಿ ಮೊದಲ ಕಾದಂಬರಿ ಪ್ರಕಟವಾಗಿ ಹೆಸರು ತಂದಿತು. ಅದೇ ವರ್ಷದ ಕೊನೆಗೆ ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಆಕ್ಸಿಯೋನ್ ಫ್ರಾನ್ಸೇಸ್ ಚಳವಳಿಯನ್ನು ಖಂಡಿಸಿದರು. ವಿಶ್ವಾಸವೇ ಇಲ್ಲದ ಮೊರಾಸ್, ಧರ್ಮಸಭೆಯನ್ನು ಕೇವಲ ರಾಜಕೀಯದ ಆಳಾಗಿ ಬಳಸುತ್ತಿದ್ದಾನೆಂಬುದು ಆ ಖಂಡನೆಯ ತಿರುಳು. ಬೆರ್ನಾನೋಸ್ ಆಗ ಹಳೆಯ ಸಂಗಾತಿಗಳನ್ನು ಬಿಟ್ಟುಕೊಡಲಿಲ್ಲ. ಮೊರಾಸನೊಡನೆ ಅವರ ಸಂಬಂಧ ಪೂರ್ಣವಾಗಿ ಕಡಿದುಹೋದದ್ದು 1932ರಲ್ಲಿ. ಆದರೂ ಅವರು ರಾಜನಿಷ್ಠರಾಗಿಯೇ, ಎಡಪಂಥದ ವಿರೋಧಿಯಾಗಿಯೇ ಉಳಿದರು. ಯೆಹೂದ್ಯರ ಕಡು ವಿರೋಧಿಯಾಗಿದ್ದ ದ್ರ್ಯೂಮೊಂ ಎಂಬ ಲೇಖಕನನ್ನು ಕೊಂಡಾಡಿ 1931ರಲ್ಲಿ ಅವರು ಒಂದು ಗ್ರಂಥವನ್ನೇ ಬರೆದಿದ್ದರು. ಇದು ಅವರ ಬಾಳಿನ ಮೇಲಿನ ಕಪ್ಪು ಕಲೆ. ಅದನ್ನು ನಾವು ಮುಚ್ಚಿಡುವುದು ಸರಿಯಲ್ಲ.

1933ರಲ್ಲಿ ಮೋಟಾರ್ ಸೈಕಲ್ ಅಪಘಾತವೊಂದರಲ್ಲಿ ಅವರ ಕಾಲು ಶಾಶ್ವತವಾಗಿ ಊನವಾಯಿತು. ಅಲ್ಲಿಂದ ಮುಂದೆ ಊರುಗೋಲಿನ ನಡಿಗೆಯೇ. ಸಾಲ, ಬಾಡಿಗೆ, ದೊಡ್ಡ ಸಂಸಾರ, ಇವುಗಳ ನಡುವೆ ಫ್ರಾನ್ಸಿನಲ್ಲಿ ಬದುಕುವುದೇ ದುಸ್ತರವಾದಾಗ, ಜೀವನವೆಚ್ಚ ಕಡಿಮೆಯಿರುವ ಸ್ಪೇನ್ ದೇಶದ ಮಯೋರ್ಕಾ ದ್ವೀಪಕ್ಕೆ 1934ರ ಅಕ್ಟೋಬರಿನಲ್ಲಿ ಕುಟುಂಬ ಸಮೇತ ಹೊರಟರು. ದ್ವೀಪದ ರಾಜಧಾನಿ ಪಾಲ್ಮಾ ನಗರದಲ್ಲಿ ನೆಲೆಸಿ, ಬರೆದ ಪುಟಗಳನ್ನು ಪ್ಯಾರಿಸ್ಸಿನ ಪ್ರಕಾಶಕರಿಗೆ ಕಳುಹಿಸಿ, ಅದರಿಂದ ಬಂದ ಹಣದಲ್ಲಿ ಮನೆ ನಡೆಸಿದರು. ಹಳ್ಳಿಯ ಗುರುವಿನ ದಿನಚರಿಯ ಆ ಕಾದಂಬರಿ ಹುಟ್ಟಿದ್ದು ಅಲ್ಲಿಯೇ. 1936ರಲ್ಲಿ ಪ್ರಕಟವಾದ ಅದಕ್ಕೆ ಫ್ರೆಂಚ್ ಅಕಾಡೆಮಿಯ ಕಾದಂಬರಿ ಪ್ರಶಸ್ತಿ ದೊರೆಯಿತು.

ಅದೇ 1936ರ ಜುಲೈ ತಿಂಗಳಲ್ಲಿ ಸ್ಪೇನಿನ ಸೇನಾಧಿಕಾರಿಗಳು ಗಣರಾಜ್ಯ ಸರಕಾರದ ವಿರುದ್ಧ ದಂಗೆಯೆದ್ದರು. ಮುಂದೆ ಅವರ ನಾಯಕನಾದವನು ಜನರಲ್ ಫ್ರಾಂಕೊ. ಮಯೋರ್ಕಾ ದ್ವೀಪ ಮೊದಲ ದಿನಗಳಲ್ಲಿಯೇ ದಂಗೆಕೋರರ ವಶವಾಯಿತು. ಇತ್ತ ಗಣರಾಜ್ಯದ ಕಡೆಯ ಪ್ರದೇಶಗಳಲ್ಲಿ ಧರ್ಮಸಭೆಯ ಮೇಲೆ ಭೀಕರ ಹಿಂಸೆ ಬಿರುಗಾಳಿಯಂತೆ ಎರಗಿತು. ದೇವಾಲಯಗಳು ಸುಟ್ಟುಹೋದವು, ಗುರುಗಳನ್ನು ಮನೆಗಳಿಂದ ಎಳೆದೊಯ್ದು ಗುಂಡಿಟ್ಟು ಕೊಂದರು. ಸ್ಪೇನಿನ ಗುರು ಅಂತೋನಿಯೊ ಮೊಂತೇರೊ ಅವರು 1961ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಾಗೆ ಸತ್ತವರು 6,832 ಮಂದಿ: ಧರ್ಮಪ್ರಾಂತ್ಯಗಳ ಗುರುಗಳು ಮತ್ತು ಗುರುಮಠದ ವಿದ್ಯಾರ್ಥಿಗಳು 4,184, ಧಾರ್ಮಿಕ ಸಭೆಗಳ ಪುರುಷರು 2,365, ಕನ್ಯಾಸ್ತ್ರೀಯರು 283. ಅವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಷಪರಿದ್ದರು. 2007ರ ಅಕ್ಟೋಬರಿನಲ್ಲಿ ಒಂದೇ ದಿನ 498 ರಕ್ತಸಾಕ್ಷಿಗಳನ್ನು ರೋಮಿನಲ್ಲಿ ಪುನೀತರ ಸಾಲಿಗೆ ಸೇರಿಸಲಾಯಿತು. ಈ ರಕ್ತವನ್ನು ಮರೆತು ಬೆರ್ನಾನೋಸರ ಕಥೆಯನ್ನು ಹೇಳುವುದು ಅನ್ಯಾಯ. ಏಕೆಂದರೆ ಈ ರಕ್ತದ ಕಾರಣದಿಂದಲೇ ಜಗತ್ತಿನ ಬಹುತೇಕ ಕಥೋಲಿಕರು ಫ್ರಾಂಕೊನ ಪಕ್ಷವನ್ನು ಧರ್ಮರಕ್ಷಣೆಯ ಪಕ್ಷವೆಂದು ನಂಬಿದರು.

ಬೆರ್ನಾನೋಸ್ ಅವರೂ ಹಾಗೆಯೇ ನಂಬಿದರು. ದಂಗೆಯನ್ನು ಅವರು ಸ್ವಾಗತಿಸಿದರು. ಹದಿಹರೆಯದಲ್ಲಿದ್ದ ಹಿರಿಯ ಮಗ ಈವ್, ಫ್ರಾಂಕೊ ಪರವಾದ ಫಲಾಂಜ್ ಪಕ್ಷದ ನೀಲಿ ಅಂಗಿ ತೊಟ್ಟು ಅದರ ದಳ ಸೇರಿದಾಗ ತಂದೆಗೆ ಅಭಿಮಾನವೆನಿಸಿತು.

ಆಗಸ್ಟ್ 16ರಂದು ಗಣರಾಜ್ಯದ ಸೈನ್ಯವೊಂದು ಕ್ಯಾಪ್ಟನ್ ಬಾಯೊ ಎಂಬವನ ನಾಯಕತ್ವದಲ್ಲಿ ದ್ವೀಪದ ಪೂರ್ವ ತೀರದಲ್ಲಿ ಇಳಿಯಿತು. ಮೂರು ವಾರ ತುಂಬುವ ಮೊದಲೇ ಅದು ಹಿಮ್ಮೆಟ್ಟಿತು. ಈ ನಡುವೆ ಇಟಲಿಯ ಫ್ಯಾಸಿಸ್ಟ್ ಸರಕಾರ ಬೋನಾಕೋರ್ಸಿ ಎಂಬವನನ್ನು ದ್ವೀಪಕ್ಕೆ ಕಳುಹಿಸಿತ್ತು. ಆತ ಕೌಂಟ್ ರೋಸ್ಸಿ ಎಂದು ಹೆಸರಿಟ್ಟುಕೊಂಡು ಸಶಸ್ತ್ರ ಪಡೆಯೊಂದನ್ನು ಕಟ್ಟಿದ. ಅಲ್ಲಿಂದ ದ್ವೀಪದಲ್ಲಿ 'ಶುದ್ಧೀಕರಣ' ಭರದಿಂದ ಸಾಗಿತು. ಹಿಂದಿನ ಚುನಾವಣೆಯಲ್ಲಿ ಎಡಪಕ್ಷಗಳಿಗೆ ಮತ ಹಾಕಿದವರು, ಕಾರ್ಮಿಕ ಸಂಘದ ಸದಸ್ಯರು, ಶಾಲಾ ಶಿಕ್ಷಕರು, ಯಾರದೋ ದ್ವೇಷಕ್ಕೆ ಗುರಿಯಾದ ಕೃಷಿಕರು, ಹೀಗೆ ಪಟ್ಟಿಗಳು ಸಿದ್ಧವಾದವು. ಸಂಜೆ ಹೊಲದಿಂದ ಮರಳಿದವರನ್ನು ಊಟದ ಮೇಜಿನಿಂದಲೇ ಎಬ್ಬಿಸಿ ಲಾರಿಗಳಲ್ಲಿ ತುಂಬಿ ಒಯ್ಯುತ್ತಿದ್ದರು. ಬೆಳಗಾದಾಗ ಸ್ಮಶಾನದ ಗೋಡೆಯ ಬಳಿಯೋ ರಸ್ತೆಯ ತಿರುವಿನಲ್ಲಿಯೋ ಹೆಣಗಳಿರುತ್ತಿದ್ದವು. ಮಯೋರ್ಕಾದಲ್ಲಿ ಗುರುಗಳ ಮೇಲೆ ಮೊದಲೇ ದೌರ್ಜನ್ಯ ನಡೆದಿರಲಿಲ್ಲ. ಆದುದರಿಂದ ಇದನ್ನು ಪ್ರತೀಕಾರವೆಂದು ಕರೆಯಲೂ ಆಧಾರವಿರಲಿಲ್ಲ ಎಂಬುದು ಬೆರ್ನಾನೋಸರ ವಾದ. ಏಳು ತಿಂಗಳಲ್ಲಿ ಮೂರು ಸಾವಿರ ಮಂದಿ ಸತ್ತರೆಂದು ಅವರು ಬರೆದರು. ನಂತರದ ಇತಿಹಾಸಕಾರರು ಅದಕ್ಕಿಂತ ಕಡಿಮೆ ಸಂಖ್ಯೆಯನ್ನು ಹೇಳಿದ್ದಾರೆ. ಆದರೆ ಸಾಮೂಹಿಕ ಹತ್ಯೆ ನಡೆದದ್ದನ್ನು ಯಾರೂ ಅಲ್ಲಗಳೆದಿಲ್ಲ.

ಕಾವಲುಗಾರರ ನಡುವೆ ತಲೆತಗ್ಗಿಸಿ ಕುಳಿತ ಬಡ ಹಳ್ಳಿಗರನ್ನು ಹೊತ್ತ ಲಾರಿಗಳು ಸಾಗುವುದನ್ನು ಬೆರ್ನಾನೋಸ್ ಕಣ್ಣಾರೆ ಕಂಡರು. ಅವರ ಮನಸ್ಸು ತಿರುಗಿದ್ದು ಯಾವ ಸಿದ್ಧಾಂತದಿಂದಲೂ ಅಲ್ಲ, ಈ ದೃಶ್ಯದಿಂದ. ಮಗ ಈವ್ ಕೂಡ ಜಿಗುಪ್ಸೆಗೊಂಡು ಆ ದಳದಿಂದ ಹೊರಬಂದ.

ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಘಾಸಿಗೊಳಿಸಿದ್ದು ಸಂಸ್ಕಾರಗಳನ್ನು ಈ ಕೆಲಸದೊಡನೆ ಬೆರೆಸಿದ ರೀತಿ. ಕೊಲ್ಲಲು ಒಯ್ಯುವವರಿಗೆ ಮೊದಲು ಪಾಪನಿವೇದನೆ ಮಾಡಿಸಿ, ಅಷ್ಟಕ್ಕೇ ಕರ್ತವ್ಯ ಮುಗಿಯಿತೆಂದು ತೃಪ್ತಿಪಟ್ಟವರಿದ್ದರು. ಪಾಸ್ಕ ಕಾಲದ ಪರಮಪ್ರಸಾದವನ್ನು ಯಾರು ಎಲ್ಲಿ ಸ್ವೀಕರಿಸಿದರೆಂದು ತಿಳಿಸುವ ಮುದ್ರಿತ ನಮೂನೆಗಳನ್ನು ಮನೆಗಳಿಗೆ ಹಂಚಲಾಯಿತು. ಭಯದ ಕಾಲದಲ್ಲಿ ಆ ಕಾಗದ ನಿಷ್ಠೆಯ ಪ್ರಮಾಣಪತ್ರವಾಯಿತು. ಎಂದೂ ದೇವಾಲಯಕ್ಕೆ ಬಾರದವರೂ ಜೀವಭಯದಿಂದ ಪರಮಪ್ರಸಾದದ ಸಾಲಿನಲ್ಲಿ ನಿಂತರು. ಪ್ರೀತಿಯ ಸಂಸ್ಕಾರವು ಭಯದ ಸಾಧನವಾಯಿತಲ್ಲ ಎಂಬುದು ಅವರ ಸಂಕಟ. ದ್ವೀಪದ ಬಿಷಪರ ಮೌನವನ್ನು ಅವರು ಕಟುವಾಗಿ ಟೀಕಿಸಿದರು. ಆದರೆ ಪ್ರಾಣವನ್ನೇ ಪಣವಾಗಿಟ್ಟ ಗುರುಗಳೂ ಆ ದ್ವೀಪದಲ್ಲಿ ಇಲ್ಲದಿರಲಿಲ್ಲ. ಗಣರಾಜ್ಯದವರು ತಪ್ಪಿಸಿಕೊಳ್ಳಲು ನೆರವಾದುದಕ್ಕಾಗಿ ಗುರು ಜೆರೋನಿ ಅಲೋಮಾರ್ ಅವರನ್ನು 1937ರ ಜೂನ್ 7ರಂದು ಪಾಲ್ಮಾದಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಉತ್ತರದ ಬಾಸ್ಕ್ ಪ್ರದೇಶದಲ್ಲಿಯೂ ಫ್ರಾಂಕೊನ ಸೈನ್ಯ ಹತ್ತಕ್ಕೂ ಹೆಚ್ಚು ಗುರುಗಳನ್ನು ಕೊಂದಿತು. ಧರ್ಮಕ್ಕಾಗಿ ಹೋರಾಡುತ್ತೇವೆಂದವರ ಕೈಯಲ್ಲಿ ಧರ್ಮಗುರುಗಳೂ ಸತ್ತರೆಂಬುದನ್ನು ಅಂದು ಹೇಳುವವರೇ ಕಡಿಮೆ.

1937ರ ಮಾರ್ಚ್ ಕೊನೆಗೆ ಬೆರ್ನಾನೋಸ್ ಕುಟುಂಬ ದ್ವೀಪವನ್ನು ತೊರೆಯಿತು. ಕಂಡದ್ದನ್ನು ಬರೆಯುವುದೋ ಬೇಡವೋ ಎಂಬ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಅವರ ವಿರೋಧಿಗಳ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಾವಿರಾರು ಗುರುಗಳನ್ನು ಕೊಲ್ಲುತ್ತಿರುವ ಕಾಲ. ಯುದ್ಧ ಇನ್ನೂ ಮುಗಿದಿಲ್ಲ. ಈಗ ನಮ್ಮ ಕಡೆಯ ತಪ್ಪನ್ನು ಬಹಿರಂಗಪಡಿಸಿದರೆ ದೇವಾಲಯಗಳನ್ನು ಸುಡುವವರ ಕೈಗೇ ಆಯುಧ ಕೊಟ್ಟಂತಾಗುವುದಿಲ್ಲವೇ? ಹೀಗೆ ಕೇಳಿದವರು ಕೆಟ್ಟವರೇನಲ್ಲ. ಅನೇಕರು ಪ್ರಾಮಾಣಿಕ ವಿಶ್ವಾಸಿಗಳು. ಮಹಾಕವಿ ಪೌಲ್ ಕ್ಲೋದೆಲ್ ಅವರು ಸ್ಪೇನಿನ ರಕ್ತಸಾಕ್ಷಿಗಳನ್ನು ಕುರಿತು ಕವಿತೆ ಬರೆದು ಫ್ರಾಂಕೊ ಪಕ್ಷವನ್ನು ಬೆಂಬಲಿಸಿದರು. 1937ರ ಜುಲೈ 1ರ ದಿನಾಂಕದ ಸಾಮೂಹಿಕ ಪತ್ರದಲ್ಲಿ ಸ್ಪೇನಿನ ಬಿಷಪರು ದಂಗೆಯನ್ನು ಸಮರ್ಥಿಸಿ ಜಗತ್ತಿನ ಬಿಷಪರಿಗೆ ವಿವರಣೆ ನೀಡಿದರು.

ಆ ಪತ್ರಕ್ಕೆ ಸಹಿ ಹಾಕದವರಲ್ಲಿ ತಾರಗೋನದ ಕಾರ್ಡಿನಲ್ ವಿದಾಲ್ ಇ ಬರ‍್ರಾಕೇರ್ ಒಬ್ಬರು. ಅವರನ್ನು ಗಣರಾಜ್ಯದ ಕಡೆಯ ಉಗ್ರರು 1936ರಲ್ಲಿ ಬಂಧಿಸಿದ್ದರು. ಅವರು ಸಾವಿನ ದವಡೆಯಿಂದ ಪಾರಾಗಿ ಇಟಲಿ ಸೇರಿದ್ದರು. ಅವರ ಸಹಾಯಕ ಬಿಷಪರು ಕೊಲೆಯಾಗಿದ್ದರು. ಪ್ರತೀಕಾರವನ್ನು ಬಯಸಲು ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಆದರೂ ಧರ್ಮಸಭೆ ಒಂದು ಪಕ್ಷದ ವಕೀಲನಾಗಬಾರದೆಂದು ಅವರು ಸಹಿ ಹಾಕದೆ ಉಳಿದರು. ಫ್ರಾಂಕೊ ಅವರನ್ನು ತಮ್ಮ ಧರ್ಮಪ್ರಾಂತ್ಯಕ್ಕೆ ಮರಳಲು ಬಿಡಲಿಲ್ಲ. 1943ರಲ್ಲಿ ಅವರು ಪರದೇಶದಲ್ಲಿಯೇ ಮೃತರಾದರು.

ಬೆರ್ನಾನೋಸ್ ಮೊದಲು ಡೊಮಿನಿಕನ್ ಗುರುಗಳ 'ಸೆತ್' ಎಂಬ ವಾರಪತ್ರಿಕೆಯಲ್ಲಿ ಸ್ಪೇನಿನ ಬಗ್ಗೆ ಬರೆಯುತ್ತಿದ್ದರು. ಆ ಪತ್ರಿಕೆ 1937ರ ಆಗಸ್ಟಿನಲ್ಲಿ ಮೇಲಿನವರ ಆಜ್ಞೆಯಂತೆ ನಿಂತುಹೋಯಿತು. 1938ರ ಮೇ ತಿಂಗಳಲ್ಲಿ ಅವರ ಗ್ರಂಥ ಪ್ಯಾರಿಸ್ಸಿನಲ್ಲಿ ಹೊರಬಂತು. ಅದರ ಹೆಸರನ್ನು ಕನ್ನಡದಲ್ಲಿ 'ಬೆಳದಿಂಗಳಡಿಯ ಮಹಾಸ್ಮಶಾನಗಳು' ಎನ್ನಬಹುದು. ಅದೇ ತಿಂಗಳು ಅವರ ಹಳೆಯ ನಾಯಕ ಮೊರಾಸ್ ಸ್ಪೇನಿಗೆ ಹೋಗಿ ಫ್ರಾಂಕೊನ ಆತಿಥ್ಯ ಪಡೆದ. ಒಂದೇ ಗರಡಿಯಲ್ಲಿ ಪಳಗಿದ ಇಬ್ಬರು ಎಷ್ಟು ದೂರ ಸರಿದಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಗ್ರಂಥ ಕೋಲಾಹಲವೆಬ್ಬಿಸಿತು. ಹಳೆಯ ಗೆಳೆಯರು ಅವರನ್ನು ದ್ರೋಹಿಯೆಂದರು. ಕಥೋಲಿಕ ಓದುಗರು ಪತ್ರ ಬರೆದು ಬೈದರು. ರೋಮಿನ ನಿಷಿದ್ಧ ಗ್ರಂಥಗಳ ಪಟ್ಟಿಗೆ ಅದನ್ನು ಸೇರಿಸಬೇಕೆಂಬ ಒತ್ತಾಯವೂ ಬಂತು. ಆದರೆ ಅದು ಆ ಪಟ್ಟಿಗೆ ಸೇರಲಿಲ್ಲ. ಇತ್ತ ಎಡಪಂಥದವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೂ ಬೆರ್ನಾನೋಸರಿಗೆ ಹಿತವಾಗಲಿಲ್ಲ. ತಮ್ಮ ಕಡೆಯವರು ಕೊಂದ ಗುರುಗಳ ವಿಷಯ ಬಂದಾಗ ಮೌನ ತಾಳಿದವರೇ ಇಲ್ಲಿ ಹೊಗಳುತ್ತಿದ್ದರು. ಅವರು ಪಕ್ಷ ಬದಲಿಸಿರಲಿಲ್ಲ. ರಾಜನಿಷ್ಠ ಕಥೋಲಿಕರಾಗಿಯೇ ಮಾತನಾಡಿದ್ದರು.

ಆಗ ಅವರಿಗೆ ಬಂದ ಒಂದು ಪತ್ರ ವಿಶೇಷವಾದುದು. ಬರೆದವರು ಸಿಮೋನ್ ವೇಲ್ ಎಂಬ ತರುಣ ತತ್ತ್ವಜ್ಞಾನಿ. ಹುಟ್ಟಿನಿಂದ ಯೆಹೂದ್ಯರು, ಒಲವಿನಿಂದ ಎಡಪಂಥದವರು. 1936ರ ಆಗಸ್ಟಿನಲ್ಲಿ ಅವರು ಸ್ವಯಂ ಇಚ್ಛೆಯಿಂದ ಸ್ಪೇನಿಗೆ ಹೋಗಿ, ಗಣರಾಜ್ಯದ ಕಡೆಯ ಅರಾಜಕತಾವಾದಿಗಳ ದಳ ಸೇರಿದ್ದರು. ಕಾದ ಎಣ್ಣೆಯಲ್ಲಿ ಕಾಲು ಸುಟ್ಟುಕೊಂಡು ಮರಳಿದ್ದರು. ಬೆರ್ನಾನೋಸ್ ತಮ್ಮ ಪಕ್ಷದ ಬಗ್ಗೆ ಹೇಳಿದ್ದನ್ನೇ ಅವರು ತಮ್ಮ ಪಕ್ಷದ ಬಗ್ಗೆ ಆ ಪತ್ರದಲ್ಲಿ ನಿವೇದಿಸಿದರು. ಮಾತೆ ಮರಿಯಳ ಪದಕ ಧರಿಸಿದ್ದ ಹದಿನೈದು ವರ್ಷದ ಫಲಾಂಜ್ ಬಾಲಕನೊಬ್ಬನನ್ನು ಸೆರೆಹಿಡಿದು, ಪಕ್ಷಾಂತರಕ್ಕೆ ಒಂದು ದಿನದ ಗಡುವು ಕೊಟ್ಟು, ಅವನು ಒಪ್ಪದಿದ್ದಾಗ ಕೊಂದುದನ್ನು ಬರೆದರು. ಗುರುಗಳ ಕೊಲೆಯನ್ನು ಊಟದ ಸಮಯದಲ್ಲಿ ನಗುನಗುತ್ತ ಹೇಳಿಕೊಂಡವರನ್ನೂ, ಅದಕ್ಕೆ ಯಾರೂ ಅಸಹ್ಯಪಡದೆ ಕೇಳಿಸಿಕೊಂಡುದನ್ನೂ ಬರೆದರು. ಜೊತೆಗೆ ಹೋರಾಡಿದ ಸಂಗಾತಿಗಳಿಗಿಂತ ಈ ರಾಜನಿಷ್ಠ ಲೇಖಕನೇ ತನಗೆ ಹತ್ತಿರದವನೆಂದು ಅವರಿಗೆ ತೋರಿತ್ತು. ಆ ಪತ್ರವನ್ನು ಬೆರ್ನಾನೋಸ್ ಕೊನೆಯವರೆಗೂ ಜೇಬಿನ ಚೀಲದಲ್ಲಿ ಕಾಪಾಡಿಕೊಂಡಿದ್ದರೆನ್ನುತ್ತಾರೆ.

ಸ್ಪೇನಿನಲ್ಲಿ ತಮ್ಮ ಕಡೆಯವರ ತಪ್ಪನ್ನು ಕಂಡು ಬರೆದ ಇನ್ನೊಬ್ಬರು ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್. ಗಣರಾಜ್ಯದ ಪರವಾಗಿ ಹೋರಾಡಿ ಗಾಯಗೊಂಡ ಅವರು, ಕಮ್ಯುನಿಸ್ಟರು ತಮ್ಮದೇ ಮಿತ್ರಪಕ್ಷದವರನ್ನು ಬೇಟೆಯಾಡಿದ್ದನ್ನು 1938ರ ಏಪ್ರಿಲಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಬಯಲುಮಾಡಿದರು. ಅವರ ಎಡಪಂಥೀಯ ಪ್ರಕಾಶಕ ಆ ಗ್ರಂಥವನ್ನು ಮೊದಲೇ ನಿರಾಕರಿಸಿದ್ದ. ಬಲಪಂಥವಾಗಲಿ ಎಡಪಂಥವಾಗಲಿ, ಶತ್ರುವಿನ ಪಾಪವನ್ನು ಬರೆಯುವವನಿಗೆ ಹಾರ, ತನ್ನವರ ಪಾಪವನ್ನು ಬರೆಯುವವನಿಗೆ ಬಾಗಿಲು ಬಂದ್ ಎಂಬುದೇ ಅಂದಿನ ನಿಯಮವಾಗಿತ್ತು.

1938ರ ಜುಲೈಯಲ್ಲಿ ಬೆರ್ನಾನೋಸ್ ಸಂಸಾರ ಸಮೇತ ದಕ್ಷಿಣ ಅಮೆರಿಕಕ್ಕೆ ಹಡಗೇರಿದರು. ಬ್ರೆಜಿಲ್ ದೇಶದ ಬಾರ್ಬಸೇನ ಪಟ್ಟಣದ ಬಳಿ ಸಣ್ಣ ತೋಟವೊಂದರಲ್ಲಿ ನೆಲೆಸಿದರು. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದಾಗ, ಮೊರಾಸ್ ಮತ್ತವನ ಬಳಗ ಶರಣಾಗತಿಯ ಸರಕಾರವನ್ನು ಬೆಂಬಲಿಸಿತು. ಬೆರ್ನಾನೋಸ್ ದೂರದ ಬ್ರೆಜಿಲ್‌ನಿಂದಲೇ ಜನರಲ್ ದ ಗಾಲ್ ಅವರ ಸ್ವತಂತ್ರ ಫ್ರಾನ್ಸ್ ಪರವಾಗಿ ಲೇಖನಗಳನ್ನು ಬರೆದರು. ಮಕ್ಕಳಾದ ಈವ್ ಮತ್ತು ಮಿಷೆಲ್ ಆ ಸೈನ್ಯ ಸೇರಿದರು. 1945ರಲ್ಲಿ ಮೊರಾಸನಿಗೆ ದೇಶದ್ರೋಹಕ್ಕಾಗಿ ಜೀವಾವಧಿ ಶಿಕ್ಷೆಯಾಯಿತು. ಅದೇ ವರ್ಷ ದ ಗಾಲ್ ಅವರ ಕರೆಯ ಮೇರೆಗೆ ಬೆರ್ನಾನೋಸ್ ತಾಯ್ನಾಡಿಗೆ ಮರಳಿದರು. ರಾಷ್ಟ್ರದ ಉನ್ನತ ಗೌರವವಾದ ಲೀಜನ್ ಆಫ್ ಆನರ್ ಪದಕವನ್ನು ಕೊಡಬಂದಾಗ ಸ್ವೀಕರಿಸಲಿಲ್ಲ.

ಕೊನೆಯ ದಿನಗಳಲ್ಲಿ ಟುನೀಸಿಯಾದಲ್ಲಿದ್ದು ಅವರು ಬರೆದ ಕೃತಿ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರ ಸಂವಾದಗಳದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರ ಜುಲೈ 17ರಂದು, ತಲೆ ಕಡಿಸಿಕೊಂಡು ಪ್ರಾಣವಿತ್ತ ಕೊಂಪಿಯೆಞ್ ಮಠದ ಹದಿನಾರು ಮಂದಿಯ ಕಥೆ ಅದು. ಪೋಪ್ ಫ್ರಾನ್ಸಿಸ್ ಅವರು 2024ರ ಡಿಸೆಂಬರಿನಲ್ಲಿ ಆ ಹದಿನಾರು ಮಂದಿಯನ್ನು ಸಂತರ ಸಾಲಿಗೆ ಸೇರಿಸಿದರು. ಶತ್ರುಗಳ ಕೈಯಲ್ಲಿ ಸತ್ತ ತಮ್ಮವರಿಗಾಗಿಯೂ ತಮ್ಮವರ ಕೈಯಲ್ಲಿ ಸತ್ತ ಪರರಿಗಾಗಿಯೂ ಒಂದೇ ಲೇಖನಿ ಅತ್ತದ್ದು ಬೆರ್ನಾನೋಸರ ಹಿರಿಮೆ. ಈ ಕೃತಿ ಮುಗಿದ ಕೆಲವೇ ತಿಂಗಳಲ್ಲಿ, 1948ರ ಜುಲೈ 5ರಂದು, ಪ್ಯಾರಿಸ್ಸಿನ ಹೊರವಲಯದ ನೊಯಿಯಲ್ಲಿ ಅವರು ಅರವತ್ತನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಪೆಲ್ಲೆವುವಾಸೆಂ ಗ್ರಾಮದಲ್ಲಿ ಅವರ ಸಮಾಧಿಯಿದೆ.

ಕಾಲ ಅವರ ಸಾಕ್ಷ್ಯವನ್ನು ಪರೀಕ್ಷಿಸಿದೆ. ಮೊಂತ್ಸೆರಾತ್ ಮಠದ ಬೆನೆಡಿಕ್ಟನ್ ಸನ್ಯಾಸಿ ಜೋಸೆಪ್ ಮಸ್ಸೋತ್ ಅವರು ಮಯೋರ್ಕಾದ ಯುದ್ಧಕಾಲವನ್ನೂ ಬೆರ್ನಾನೋಸರ ಅಲ್ಲಿನ ವಾಸವನ್ನೂ ದಶಕಗಳ ಕಾಲ ಸಂಶೋಧಿಸಿ ಗ್ರಂಥಗಳನ್ನು ಬರೆದರು. 1971ರಲ್ಲಿ ಸ್ಪೇನಿನ ಬಿಷಪರು ಮತ್ತು ಗುರುಗಳ ಜಂಟಿ ಸಭೆಯಲ್ಲಿ, ಯುದ್ಧಕಾಲದಲ್ಲಿ ಧರ್ಮಸಭೆ ಸಮಾಧಾನದ ಸೇವಕಿಯಾಗಲಿಲ್ಲವೆಂದು ಕ್ಷಮೆ ಕೋರುವ ಠರಾವು ಬಂತು. ಬಹುಮತ ದೊರೆತರೂ ಬೇಕಾಗಿದ್ದ ಮೂರನೆಯ ಎರಡಂಶ ಮತ ದೊರೆಯದೆ ಅದು ಬಿದ್ದುಹೋಯಿತು. 2016ರಲ್ಲಿ ಮಯೋರ್ಕಾದ ಪೊರೆರೆಸ್ ಎಂಬಲ್ಲಿ ಸಾಮೂಹಿಕ ಗೋರಿಯನ್ನು ಅಗೆದಾಗ ಗುಂಡೇಟಿನ ಅಸ್ಥಿಗಳು ದೊರೆತವು. ಮನಾಕೋರ್ ಪಟ್ಟಣದ ಸ್ಮಶಾನದಲ್ಲಿ ಸಿಕ್ಕ ಅಸ್ಥಿಗಳಲ್ಲಿ, 1937ರ ಜನವರಿಯಲ್ಲಿ ಕೊಲೆಯಾದ ಹೊಲಿಗೆಯ ಕೆಲಸದ ಕಾರ್ಮಿಕ ನಾಯಕಿ ಔರೋರಾ ಪಿಕೊರ್ನೆಲ್ ಅವರ ಅವಶೇಷವನ್ನು 2022ರಲ್ಲಿ ಗುರುತಿಸಲಾಯಿತು. ಅವರನ್ನು ಕೊಂದಾಗ ಬೆರ್ನಾನೋಸ್ ಆ ದ್ವೀಪದಲ್ಲಿಯೇ ಇದ್ದರು. ಅವರು ಬರೆದದ್ದಕ್ಕೆ ಎಂಬತ್ತು ವರ್ಷಗಳ ಮೇಲೆ ಮಣ್ಣೇ ಸಾಕ್ಷಿ ನುಡಿಯಿತು.

ಈ ಬಾಳಿನಿಂದ ನಮ್ಮ ಕುಟುಂಬಗಳಿಗೆ ಏನು ಪಾಠ? ಎಲ್ಲೋ ಯುದ್ಧ, ಎಲ್ಲೋ ಗಲಭೆ, ಎಲ್ಲೋ ಹತ್ಯೆಯೆಂಬ ಸುದ್ದಿ ಮನೆಗೆ ಬಂದಾಗ, ಸತ್ತವರು ಯಾರ ಕಡೆಯವರು, ಕೊಂದವರು ಯಾರ ಕಡೆಯವರು ಎಂದು ನಾವು ಮೊದಲು ಕೇಳುತ್ತೇವೆ. ಉತ್ತರ ತಿಳಿದ ಮೇಲೆ ಕೋಪಗೊಳ್ಳುವುದೋ ಮೌನವಾಗುವುದೋ ಎಂದು ನಿರ್ಧರಿಸುತ್ತೇವೆ. ನಮ್ಮವರ ತಪ್ಪನ್ನು ಹೇಳಿದರೆ ಧರ್ಮಸಭೆಗೆ ಕೆಟ್ಟ ಹೆಸರು ಬರುವುದೆಂಬ ಅಂಜಿಕೆ ನಮ್ಮಲ್ಲಿದೆ. ಆದರೆ ಮಯೋರ್ಕಾದಲ್ಲಿ ಧರ್ಮಸಭೆಗೆ ಕೆಟ್ಟ ಹೆಸರು ತಂದದ್ದು ಬೆರ್ನಾನೋಸರ ಗ್ರಂಥವಲ್ಲ. ಆ ಲಾರಿಗಳನ್ನು ಕಂಡೂ ಕಾಣದಂತಿದ್ದ ಮೌನ. ಇಂದು ಆ ದಿನಗಳನ್ನು ನೆನೆದಾಗ ಕಥೋಲಿಕರು ತಲೆಯೆತ್ತಿ ಹೆಸರಿಸಬಹುದಾದವರು ಅಲೋಮಾರ್, ವಿದಾಲ್, ಬೆರ್ನಾನೋಸ್ ಅವರಂಥವರೇ.

ಪ್ರತಿ ಭಾನುವಾರ ಬಲಿಪೂಜೆಯ ಆರಂಭದಲ್ಲಿ ನಾವು ಎದೆ ತಟ್ಟಿಕೊಂಡು ಪಾಪವನ್ನು ನಿವೇದಿಸುತ್ತೇವೆ. ಅಲ್ಲಿ ನಿವೇದಿಸುವುದು ನೆರೆಯವನ ಪಾಪವನ್ನಲ್ಲ, ನಮ್ಮದನ್ನು. ಮಾಡಿದ್ದನ್ನು ಮಾತ್ರವಲ್ಲ, ಮಾಡದೆ ಬಿಟ್ಟದ್ದನ್ನೂ. ಬೆರ್ನಾನೋಸ್ ತಮ್ಮ ಗ್ರಂಥದಲ್ಲಿ ಮಾಡಿದ್ದು ಈ ನಿವೇದನೆಯನ್ನೇ. ಅದನ್ನು ಅರ್ಥಮಾಡಿಕೊಂಡು ಹೇಳುವ ಮನಸ್ಸನ್ನು ಪ್ರಭುವು ನಮ್ಮ ಮಕ್ಕಳಿಗೂ ನಮಗೂ ದಯಪಾಲಿಸಲಿ. ಆ ಯುದ್ಧದಲ್ಲಿ ಮಡಿದ ಎರಡೂ ಕಡೆಯವರ ಆತ್ಮಗಳಿಗಾಗಿ ಈ ಜುಲೈ ತಿಂಗಳಲ್ಲಿ ಒಂದು ಪ್ರಾರ್ಥನೆಯನ್ನು ಸಲ್ಲಿಸೋಣ.